ಮಾತ್ಸುಮೊಟೊ ಸೇಚೊ: ನಲವತ್ತು ದಾಟಿದ ಮೇಲೆ ಪೆನ್ನು ಹಿಡಿದವರು

ಓದುಗರ ಪ್ರಶ್ನೆ: ಹಿಗಾಶಿನೊ ಕೀಗೊ ಅವರ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದಿದ ಮೇಲೆ ಜಪಾನಿನ ಪತ್ತೇದಾರಿ ಸಾಹಿತ್ಯದ ಹುಚ್ಚು ಹಿಡಿದಿದೆ. ಅವರಿಗಿಂತ ಹಿಂದಿನವರಲ್ಲಿ ಮಾತ್ಸುಮೊಟೊ ಸೇಚೊ ಅನ್ನುವವರ ಹೆಸರು ಪದೇ ಪದೇ ಕಾಣುತ್ತಿದೆ. ನಲವತ್ತು ದಾಟಿದ ಮೇಲೆ ಬರೆಯಲು ಶುರು ಮಾಡಿ ನೂರಾರು ಪುಸ್ತಕ ಬರೆದರಂತೆ. ಅವರ ಬದುಕು ಹೇಗಿತ್ತು? ಅಷ್ಟೊಂದು ಬರೆದವರ ಬರಹ ನಿಜಕ್ಕೂ ಚೆನ್ನಾಗಿರುತ್ತಾ? ಯಾವುದರಿಂದ ಶುರು ಮಾಡಲಿ?

ಉತ್ತರ:

ನಿಮ್ಮ ನಡುವಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎಲ್ಲವೂ ಚೆನ್ನಾಗಿಲ್ಲ. ಆದರೆ ಚೆನ್ನಾಗಿರುವುದು ತುಂಬಾನೇ ಚೆನ್ನಾಗಿದೆ, ಅದರ ಲೆಕ್ಕವೂ ಸಣ್ಣದಲ್ಲ. ಇದು ಹೇಗೆ ಸಾಧ್ಯವಾಯಿತು ಅನ್ನುವುದಕ್ಕೆ ಅವರ ಬದುಕಿನ ಮೊದಲ ನಲವತ್ತು ವರ್ಷ ನೋಡಬೇಕು. ಸೇಚೊ ಬಗ್ಗೆ ಬರೆಯುವವರು ಆ ವರ್ಷಗಳನ್ನು ‘ಕಷ್ಟಪಟ್ಟು ಮೇಲೆ ಬಂದರು’ ಅನ್ನುವ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಆ ಕಷ್ಟವೇ ಅವರ ಕಥೆಗಳ ಸರಕು.

ಅವರು 1909ರ ಡಿಸೆಂಬರ್‌ನಲ್ಲಿ ಹುಟ್ಟಿದರು. ಬೆಳೆದದ್ದು ಕ್ಯೂಶೂ ದ್ವೀಪದ ಉತ್ತರ ತುದಿಯ ಕೊಕುರಾ ಊರಿನ ಸುತ್ತ. ಈಗ ಅದು ಕಿಟಾಕ್ಯೂಶೂ ನಗರದ ಒಂದು ಭಾಗ. ಅಕ್ಕಂದಿರಿಬ್ಬರು ಎಳವೆಯಲ್ಲೇ ತೀರಿಕೊಂಡಿದ್ದರು, ಉಳಿದ ಮಗು ಇವರೊಬ್ಬರೇ. ಅಪ್ಪನ ವ್ಯಾಪಾರ ಯಾವತ್ತೂ ನೆಟ್ಟಗೆ ನಿಲ್ಲಲಿಲ್ಲ. 1924ರಲ್ಲಿ ಪ್ರಾಥಮಿಕ ಶಾಲೆಯ ಮೇಲಿನ ತರಗತಿ ಮುಗಿಸಿದರು. ಅಲ್ಲಿಗೆ ಓದು ನಿಂತಿತು. ಒಂದು ವಿದ್ಯುತ್ ಉಪಕರಣ ಕಂಪನಿಯ ಕಚೇರಿಯಲ್ಲಿ ಜವಾನನ ಕೆಲಸಕ್ಕೆ ಸೇರಿದರು. ಟೀ ಕೊಡುವುದು, ಕಾಗದಪತ್ರ ತಲುಪಿಸುವುದು. ದಾರಿಯಲ್ಲಿ ಹಳೆಯ ಸಹಪಾಠಿಗಳು ಹೈಸ್ಕೂಲಿನ ಯೂನಿಫಾರ್ಮಿನಲ್ಲಿ ಎದುರಾದರೆ ಎಷ್ಟು ಸಂಕಟವಾಗುತ್ತಿತ್ತು ಅನ್ನುವುದನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ಪತ್ರಕರ್ತನಾಗಬೇಕು ಅಂತ ಆಸೆ ಇತ್ತು. ಊರಿನ ಒಂದು ಪತ್ರಿಕೆಗೆ ಹೋಗಿ ಕೇಳಿದರು. ಕಾಲೇಜು ಓದಿಲ್ಲದವರಿಗೆ ಆಗುವುದಿಲ್ಲ ಅಂದರು.

1927ರಲ್ಲಿ ಆ ಜವಾನನ ಕೆಲಸವೂ ಹೋಯಿತು. ಆಮೇಲೆ ಕಲ್ಲಚ್ಚಿನ ಪ್ರೆಸ್ಸಿನಲ್ಲಿ ಕೆಲಸ ಕಲಿತರು. ಅಚ್ಚಿಗೆ ಬೇಕಾದ ಅಕ್ಷರ, ಚಿತ್ರಗಳನ್ನು ಕೈಯಲ್ಲೇ ಬರೆದುಕೊಡುವ ಕೆಲಸ. 1929ರಲ್ಲಿ ಪೊಲೀಸರು ಹಿಡಿದುಕೊಂಡು ಹೋದರು. ಸ್ನೇಹಿತರು ಎಡಪಂಥೀಯ ಸಾಹಿತ್ಯ ಪತ್ರಿಕೆಗಳನ್ನು ಓದುತ್ತಿದ್ದರು ಅನ್ನುವುದೇ ಕಾರಣ. ಬಿಡುಗಡೆಯಾಗಿ ಮನೆಗೆ ಬಂದು ನೋಡಿದರೆ ಅಪ್ಪ ಇವರ ಪುಸ್ತಕಗಳನ್ನೆಲ್ಲ ಸುಟ್ಟುಹಾಕಿದ್ದರು.

1937ರಲ್ಲಿ ‘ಅಸಾಹಿ’ ಪತ್ರಿಕೆಯ ಕಚೇರಿ ಕೊಕುರಾಕ್ಕೆ ಬಂತು. ಸೇಚೊ ಅಲ್ಲಿನ ಮುಖ್ಯಸ್ಥರಿಗೆ ತಾವಾಗಿಯೇ ಕಾಗದ ಬರೆದು ಕೆಲಸ ಕೇಳಿದರು. ಮೊದಲು ಗುತ್ತಿಗೆ, ಕೆಲವು ವರ್ಷಗಳ ನಂತರ ಜಾಹೀರಾತು ವಿಭಾಗದಲ್ಲಿ ಕಾಯಂ. ಪತ್ರಿಕೆಯೊಳಗೆ ಕಾಲಿಟ್ಟರು ನಿಜ, ಆದರೆ ವರದಿಗಾರನಾಗಿ ಅಲ್ಲ, ಜಾಹೀರಾತಿನ ಚಿತ್ರ ಬಿಡಿಸುವವನಾಗಿ. ಡಿಗ್ರಿ ಇದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು. ಎಷ್ಟು ದುಡಿದರೂ ಮೇಲೆ ಹೋಗುವ ಹಾಗಿಲ್ಲ. ಅವರ ಕಥೆಗಳಲ್ಲಿ ಕಚೇರಿಯ ಶ್ರೇಣಿಗಳ ಬಗ್ಗೆ, ಮೇಲಿನವರು ಕೆಳಗಿನವರ ಜೊತೆ ಮಾತಾಡುವ ರೀತಿಯ ಬಗ್ಗೆ ಇರುವ ಆ ಸೂಕ್ಷ್ಮ ಎಲ್ಲಿಂದ ಬಂತು ಅಂತ ಹುಡುಕಬೇಕಾಗಿಲ್ಲ, ಅಲ್ವಾ?

ಯುದ್ಧದಲ್ಲಿ ಅವರನ್ನು ಸೇನೆಗೆ ಕರೆಸಿಕೊಂಡರು. ಕೊರಿಯಾದಲ್ಲಿ ವೈದ್ಯಕೀಯ ದಳದ ಸಿಪಾಯಿಯಾಗಿದ್ದರು. 1945ರಲ್ಲಿ ವಾಪಸ್ ಬಂದಾಗ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು ಎಲ್ಲರ ಹೊಟ್ಟೆ ತುಂಬಿಸಬೇಕಿತ್ತು. ಪತ್ರಿಕೆಯ ಸಂಬಳ ಸಾಲುತ್ತಿರಲಿಲ್ಲ. ಆಗ ಪೊರಕೆ ವ್ಯಾಪಾರಕ್ಕೆ ಇಳಿದರು. ಹೆಂಡತಿಯ ತವರಿನ ಕಡೆ ಸಾಗಾ ಪ್ರಾಂತ್ಯದಲ್ಲಿ ತಯಾರಾಗುತ್ತಿದ್ದ ಪೊರಕೆಗಳಿಗೆ ಹಿರೋಶಿಮಾ, ಒಸಾಕಾ, ಕ್ಯೋಟೊ ಕಡೆಯ ಸಗಟು ಅಂಗಡಿಗಳಲ್ಲಿ ಗಿರಾಕಿ ಹುಡುಕುವ ದಲ್ಲಾಳಿ ಕೆಲಸ. ಯುದ್ಧ ಮುಗಿದ ಹೊಸತರಲ್ಲಿ ಕಿಕ್ಕಿರಿದ ರೈಲುಗಳಲ್ಲಿ ರಾತ್ರಿಯೆಲ್ಲ ಓಡಾಟ. ಬಿಡುವು ಸಿಕ್ಕರೆ ಆ ಊರುಗಳ ಹಳೆಯ ಗುಡಿ, ಅವಶೇಷಗಳನ್ನು ನೋಡಿಕೊಂಡು ಬರುತ್ತಿದ್ದರು. ಪ್ರಾಚೀನ ಇತಿಹಾಸದ ಹುಚ್ಚು ಅವರಿಗೆ ಕೊನೆಯವರೆಗೂ ಬಿಡಲಿಲ್ಲ.

1950ರಲ್ಲಿ ‘ಶೂಕಾನ್ ಅಸಾಹಿ’ ವಾರಪತ್ರಿಕೆ ಒಂದು ಕಥಾಸ್ಪರ್ಧೆ ಏರ್ಪಡಿಸಿತು. ಸೇಚೊ ಬರೆದದ್ದು ಮುಖ್ಯವಾಗಿ ಬಹುಮಾನದ ಹಣಕ್ಕಾಗಿ. ವಿಷಯ ಸಿಕ್ಕಿದ್ದು ವಿಶ್ವಕೋಶದ ಒಂದು ನಮೂದಿನಲ್ಲಿ: 1877ರಲ್ಲಿ ಸರ್ಕಾರದ ವಿರುದ್ಧ ನಡೆದ ಬಂಡಾಯದಲ್ಲಿ ಅದರ ನಾಯಕ ಸೈಗೊ ತಕಾಮೊರಿಯ ಸೈನ್ಯ ಅಚ್ಚು ಹಾಕಿಸಿದ ನೋಟುಗಳು. ಬಂಡಾಯ ಸೋತ ಮೇಲೆ ಆ ನೋಟು ಬರೀ ಕಾಗದ. ಕಥೆಗೆ ಮೂರನೆಯ ಬಹುಮಾನ ಬಂತು, ನವೋಕಿ ಪ್ರಶಸ್ತಿಯ ಪಟ್ಟಿಗೂ ಹೋಯಿತು. ಜನಪ್ರಿಯ ಕಥೆ ಕಾದಂಬರಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು.

ಅದಾದ ಮೇಲೆ 1952ರಲ್ಲಿ ಬಂದ ಕಥೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ದೊಡ್ಡ ಸಾಹಿತಿ ಮೋರಿ ಒಗಾಯ್ ಸೇನಾ ವೈದ್ಯರಾಗಿ 1899ರಿಂದ 1902ರವರೆಗೆ ಕೊಕುರಾದಲ್ಲಿದ್ದರು. ಆ ಕಾಲದ ಅವರ ದಿನಚರಿ ಕಳೆದುಹೋಗಿತ್ತು. ಸೇಚೊ ಕಥೆಯ ನಾಯಕ ಕೊಕುರಾದ ಒಬ್ಬ ಯುವಕ. ಹುಟ್ಟಿನಿಂದಲೇ ಕಾಲು ಸರಿಯಿಲ್ಲ, ಮಾತೂ ಸ್ಪಷ್ಟವಿಲ್ಲ. ಒಗಾಯ್ ಅವರನ್ನು ಕಂಡಿದ್ದವರನ್ನೆಲ್ಲ ಹುಡುಕಿ, ಅವರ ನೆನಪುಗಳಿಂದ ಆ ಮೂರು ವರ್ಷಗಳನ್ನು ಮತ್ತೆ ಕಟ್ಟುತ್ತೇನೆ ಅಂತ ಹೊರಡುತ್ತಾನೆ. ಜನ ನಗುತ್ತಾರೆ. ‘ಇದರಿಂದ ಏನು ಪ್ರಯೋಜನ?’ ಅಂತ ಕೇಳುತ್ತಾರೆ. ಅವನ ತಾಯಿ ಮಾತ್ರ ಜೊತೆಗೆ ನಿಲ್ಲುತ್ತಾಳೆ. ಯುದ್ಧ, ಹಸಿವು, ಕಾಯಿಲೆಯಲ್ಲಿ ಅವನು ತೀರಿಕೊಳ್ಳುತ್ತಾನೆ. ಸ್ವಲ್ಪ ದಿನಕ್ಕೇ, 1951ರಲ್ಲಿ, ಕಳೆದುಹೋಗಿದ್ದ ಅಸಲಿ ದಿನಚರಿ ಟೋಕಿಯೋದಲ್ಲಿ ಸಿಗುತ್ತದೆ. ದಿನಚರಿ ಆ ವರ್ಷ ಸಿಕ್ಕಿದ್ದು ನಿಜವಾಗಿ ನಡೆದದ್ದೇ. ಅಂಥ ಒಬ್ಬ ಯುವಕನೂ ನಿಜವಾಗಿ ಇದ್ದ. ಆದರೆ ಅವನು ತೀರಿಕೊಂಡಿದ್ದು 1945ರಲ್ಲಿ. ಸಾವನ್ನು ಸೇಚೊ ಐದು ವರ್ಷ ಮುಂದಕ್ಕೆ ತಳ್ಳಿದರು. ಹಾಗೆ ತಳ್ಳಿದ್ದರಿಂದಲೇ ಕಥೆಯ ಕೊನೆ ಅಷ್ಟು ಕ್ರೂರವಾಗಿ ತಟ್ಟುತ್ತದೆ.

ಈ ಕಥೆಯೂ ಮೊದಲು ನವೋಕಿ ಪ್ರಶಸ್ತಿಯ ಪಟ್ಟಿಯಲ್ಲೇ ಇತ್ತು. ಇದು ಶುದ್ಧ ಸಾಹಿತ್ಯ, ಆ ಕಡೆಗೆ ಹೋಗಲಿ ಅಂತ ತೀರ್ಪುಗಾರರು ಅಕುತಗಾವಾ ಪ್ರಶಸ್ತಿಗೆ ಕಳಿಸಿದರು. 1953ರ ಜನವರಿಯಲ್ಲಿ ಅಲ್ಲಿ ಗೆದ್ದಿತು. ಸೇಚೊಗೆ ಆಗ 43 ವರ್ಷ. ತೀರ್ಪುಗಾರರಲ್ಲಿ ಒಬ್ಬರಾದ ಸಕಾಗುಚಿ ಆಂಗೊ ಒಂದು ಮಾತು ಬರೆದರು: ಇಲ್ಲಿ ಬೆನ್ನಟ್ಟಿರುವುದು ದಿನಚರಿಯನ್ನು, ಅದಕ್ಕೇ ಬರಹ ಇಷ್ಟು ಶಾಂತವಾಗಿದೆ, ಆದರೆ ಕೊಲೆಗಾರನನ್ನು ಬೆನ್ನಟ್ಟುವ ಶಕ್ತಿಯೂ ಈ ಗದ್ಯಕ್ಕಿದೆ. ಸೇಚೊ ಆಗಿನ್ನೂ ಒಂದು ಪತ್ತೇದಾರಿ ಕಥೆಯನ್ನೂ ಪ್ರಕಟಿಸಿರಲಿಲ್ಲ. ಒಬ್ಬ ಬರಹಗಾರನ ಬಗ್ಗೆ ಇನ್ನೊಬ್ಬ ಬರಹಗಾರ ಇಷ್ಟು ಸರಿಯಾಗಿ ಮುಂದಿನದನ್ನು ಹೇಳಿದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಅದೇ ವರ್ಷ ಟೋಕಿಯೋಗೆ ವರ್ಗ ಮಾಡಿಸಿಕೊಂಡರು. ಹಗಲು ಅಸಾಹಿ ಕಚೇರಿ, ರಾತ್ರಿ ಬರಹ. 1956ರಲ್ಲಿ ಕೆಲಸ ಬಿಟ್ಟು ಪೂರ್ತಿ ಬರಹಕ್ಕೆ ಬಂದರು.

ಅವರು ಬರುವ ಹೊತ್ತಿಗೆ ಜಪಾನಿನ ಪತ್ತೇದಾರಿ ಸಾಹಿತ್ಯ ಹೇಗಿತ್ತು ಅಂತ ಗೊತ್ತಾದರೆ ಅವರು ಮಾಡಿದ ಬದಲಾವಣೆ ಗೊತ್ತಾಗುತ್ತದೆ. ಎಡೊಗಾವಾ ರಾಂಪೊ, ಯೊಕೊಮಿಝೊ ಸೇಶಿ ಅವರಂಥ ದೊಡ್ಡವರು ಕಟ್ಟಿದ ಲೋಕದಲ್ಲಿ ಹಳೆಯ ಬಂಗಲೆಗಳು, ಒಳಗಿನಿಂದ ಬೀಗ ಹಾಕಿದ ಕೋಣೆಗಳು, ಶಾಪ ತಟ್ಟಿದ ಮನೆತನಗಳು, ಎಲ್ಲವನ್ನೂ ಬಲ್ಲ ಪತ್ತೇದಾರರು ಇದ್ದರು. ನನಗೆ ಅವೂ ಇಷ್ಟವೇ. ಆದರೆ ಸೇಚೊಗೆ ಅದು ಜಾತ್ರೆಯ ಭೂತದ ಮನೆಯ ಹಾಗೆ ಕಂಡಿತು. ಅಲ್ಲಿಂದ ಪತ್ತೇದಾರಿ ಕಥೆಯನ್ನು ಹೊರಗೆ ತರಬೇಕು ಅಂತ ಅವರು ಬರೆದರು. ಕೊಲೆ ‘ಹೇಗೆ’ ನಡೆಯಿತು ಅನ್ನುವುದರ ಜೊತೆಗೆ ‘ಯಾಕೆ’ ನಡೆಯಿತು ಅನ್ನುವುದಕ್ಕೂ ಅಷ್ಟೇ ತೂಕ ಬೇಕು, ಆ ‘ಯಾಕೆ’ ಸಮಾಜದ ಒಳಗಿನಿಂದ ಬರಬೇಕು ಅನ್ನುವುದು ಅವರ ವಾದ. ಅವರ ದಾರಿಯನ್ನು ಜಪಾನಿನಲ್ಲಿ ‘ಶಾಕಾಯ್‌ಹಾ’, ಅಂದರೆ ಸಾಮಾಜಿಕ ಪಂಥ, ಅಂತ ಕರೆಯುತ್ತಾರೆ.

1955ರ ‘ಹರಿಕೊಮಿ’ ಅನ್ನುವ ಸಣ್ಣಕಥೆಯಲ್ಲೇ ಇದು ಕಾಣುತ್ತದೆ. ಒಬ್ಬ ಕೊಲೆಗಾರ ತಪ್ಪಿಸಿಕೊಂಡಿದ್ದಾನೆ. ಅವನ ಹಳೆಯ ಪ್ರೇಯಸಿ ಈಗ ಸಾಗಾದಲ್ಲಿ, ತನಗಿಂತ ಎಷ್ಟೋ ದೊಡ್ಡ ವಯಸ್ಸಿನ, ಜಿಪುಣ ಗಂಡನ ಜೊತೆ ಇದ್ದಾಳೆ. ಪೊಲೀಸ್ ಒಬ್ಬ ಎದುರಿನ ವಸತಿಗೃಹದ ಕಿಟಕಿಯಿಂದ ಅವಳ ಮನೆಯನ್ನು ದಿನಗಟ್ಟಲೆ ಕಾಯುತ್ತಾನೆ. ಅವಳು ಬಟ್ಟೆ ಒಗೆಯುತ್ತಾಳೆ, ತರಕಾರಿ ತರುತ್ತಾಳೆ, ಗಂಡನ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅಷ್ಟೇ. ಓದುತ್ತಾ ಹೋದಂತೆ ಕೊಲೆಗಾರ ಸಿಗುತ್ತಾನಾ ಅನ್ನುವುದಕ್ಕಿಂತ ಆ ಹೆಂಗಸಿನ ಬದುಕೇ ನಮ್ಮನ್ನು ಹಿಡಿದುಕೊಳ್ಳುತ್ತದೆ. ಆ ಕಾಲದ ಇನ್ನೊಂದು ಕಥೆಯಲ್ಲಿ ಪತ್ರಿಕಾ ಕಚೇರಿಯ ಟೆಲಿಫೋನ್ ಆಪರೇಟರ್ ಒಬ್ಬಳು ರಾಂಗ್ ನಂಬರಿನಲ್ಲಿ ಒಂದು ದನಿ ಕೇಳುತ್ತಾಳೆ. ನೂರಾರು ದನಿ ನೆನಪಿಟ್ಟುಕೊಳ್ಳುವುದು ಅವಳ ಕೆಲಸ. ಇಂಥ ಕೆಲಸಗಳ ಒಳಗನ್ನು ಸೇಚೊ ಹತ್ತಿರದಿಂದ ಕಂಡಿದ್ದರು.

ನಂತರ ಬಂದದ್ದು ಅವರ ಅತ್ಯಂತ ಪ್ರಸಿದ್ಧ ಕಾದಂಬರಿ ‘ತೆನ್ ತೊ ಸೆನ್’, ಅಂದರೆ ಚುಕ್ಕಿಗಳು ಮತ್ತು ಗೆರೆಗಳು. 1957ರಲ್ಲಿ ‘ತಾಬಿ’ ಅನ್ನುವ ಪ್ರವಾಸ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯಿತು, 1958ರಲ್ಲಿ ಪುಸ್ತಕವಾಯಿತು. ಫುಕುವೊಕಾ ಹತ್ತಿರದ ಕಶೀ ಕಡಲ ದಂಡೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಹೆಣ ಸಿಗುತ್ತವೆ. ಸೈನೈಡ್. ಪ್ರೇಮಿಗಳು ಒಟ್ಟಿಗೆ ಸತ್ತಿದ್ದಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸತ್ತವನು ಲಂಚದ ಹಗರಣವೊಂದರಲ್ಲಿ ಸಿಕ್ಕಿಕೊಂಡಿರುವ ಸಚಿವಾಲಯದ ಕೆಳದರ್ಜೆ ಅಧಿಕಾರಿ. ಅವನ ಜೇಬಿನಲ್ಲಿ ರೈಲಿನ ಊಟದ ಬೋಗಿಯ ರಸೀದಿ ಇದೆ, ಒಬ್ಬರ ಊಟಕ್ಕೆ ಮಾತ್ರ. ಪ್ರೇಯಸಿ ಜೊತೆಗಿದ್ದರೆ ಒಬ್ಬನೇ ಯಾಕೆ ತಿಂದ? ಫುಕುವೊಕಾದ ವಯಸ್ಸಾದ ಪೊಲೀಸ್ ತೊರಿಗಾಯ್‌ಗೆ ಈ ಸಣ್ಣ ಸಂಗತಿ ಕೊರೆಯುತ್ತದೆ.

ಇದಕ್ಕೆ ಜೋಡಿಯಾಗಿ ಆ ಹೆಸರಾದ ನಾಲ್ಕು ನಿಮಿಷ. ಟೋಕಿಯೋ ನಿಲ್ದಾಣದ 13ನೇ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ 15ನೇ ಪ್ಲಾಟ್‌ಫಾರ್ಮಿನಲ್ಲಿರುವ ಹಕಾತಾ (ಫುಕುವೊಕಾದ ನಿಲ್ದಾಣ) ರೈಲು ಸಾಮಾನ್ಯವಾಗಿ ಕಾಣುವುದಿಲ್ಲ, ನಡುವೆ ಬೇರೆ ರೈಲುಗಳು ಅಡ್ಡ ಇರುತ್ತವೆ. ಸಂಜೆ 5.57ರಿಂದ 6.01ರವರೆಗೆ ಮಾತ್ರ ಅಡ್ಡ ಏನೂ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಆ ಜೋಡಿ ರೈಲು ಹತ್ತುವುದನ್ನು ಸಾಕ್ಷಿಗಳು ನೋಡಿದ್ದಾರೆ. ಅದು ಆಕಸ್ಮಿಕವಾ? ಸೇಚೊ ಬಳಸಿದ್ದು ಆ ಕಾಲದ ನಿಜವಾದ ವೇಳಾಪಟ್ಟಿಯನ್ನೇ. ಕಥೆಯ ಗುಟ್ಟು ನಾನು ಹೇಳುವುದಿಲ್ಲ. ದೋಷವನ್ನು ಮಾತ್ರ ಹೇಳುತ್ತೇನೆ: ಬೇಗ ಹೊಳೆಯಬೇಕಾಗಿದ್ದ ಒಂದು ಸಾಧ್ಯತೆ ಪತ್ತೇದಾರರಿಗೆ ತುಂಬಾ ತಡವಾಗಿ ಹೊಳೆಯುತ್ತದೆ. ಜಪಾನಿ ಓದುಗರೂ ಇದನ್ನು ಅಂದಿನಿಂದ ಹೇಳುತ್ತಾ ಬಂದಿದ್ದಾರೆ. ಆದರೂ ಪುಸ್ತಕ ನಿಲ್ಲುತ್ತದೆ. ಯಾಕೆಂದರೆ ಹಗರಣ ಆದಾಗ ಮೇಲಿನವರು ಉಳಿದುಕೊಂಡು, ಎಲ್ಲ ಗೊತ್ತಿರುವ ಕೆಳಗಿನ ಅಧಿಕಾರಿ ಮಾತ್ರ ‘ಆತ್ಮಹತ್ಯೆ’ ಮಾಡಿಕೊಳ್ಳುವುದು ಓದುಗರಿಗೆ ಪತ್ರಿಕೆಗಳಿಂದ ಚೆನ್ನಾಗಿ ಗೊತ್ತಿತ್ತು.

ಇನ್ನು ಬರಹದ ಪ್ರಮಾಣದ ವಿಷಯ. 1950ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ವಾರಪತ್ರಿಕೆಗಳ ಸುಗ್ಗಿ. ಎಲ್ಲರಿಗೂ ಧಾರಾವಾಹಿ ಬೇಕು, ರೈಲಿನಲ್ಲಿ ಓಡಾಡುವ ನೌಕರರು ಓದುವಂಥದ್ದು ಬೇಕು. ಸೇಚೊ ಯಾರಿಗೂ ಇಲ್ಲ ಅನ್ನಲಿಲ್ಲ. ಹಲವು ಧಾರಾವಾಹಿಗಳನ್ನು ಒಟ್ಟಿಗೇ ಬರೆದರು. ಬರೆದೂ ಬರೆದೂ ಕೈ ಮರಗಟ್ಟಿ ಪೆನ್ನು ಹಿಡಿಯಲಾಗದ ಸ್ಥಿತಿ ಬಂತು. ಆಗ ಶೀಘ್ರಲಿಪಿಕಾರ ಫುಕುವೊಕಾ ತಕಾಶಿ ಅವರನ್ನು ಇಟ್ಟುಕೊಂಡು ಬಾಯಲ್ಲಿ ಹೇಳಿ ಬರೆಸಿದರು. ಬಂದ ಬರಹವನ್ನು ತಾವೇ ತಿದ್ದುತ್ತಿದ್ದರು. ಇದು ಒಂಬತ್ತು ವರ್ಷದ ಹತ್ತಿರ ನಡೆಯಿತು. 1960ರ ದಶಕದಲ್ಲಿ ಅತಿ ಹೆಚ್ಚು ತೆರಿಗೆ ಕಟ್ಟುವ ಸಾಹಿತಿಗಳ ಪಟ್ಟಿಯ ತುದಿಗೆ ಅವರ ಹೆಸರು ಬಂತು. ಒಟ್ಟಾರೆ ಸಣ್ಣದು ದೊಡ್ಡದು ಸೇರಿ ಸಾವಿರದಷ್ಟು ಬರಹ ಅಂತ ಲೆಕ್ಕ ಹೇಳುತ್ತಾರೆ.

ಹೀಗೆ ಬರೆದರೆ ಪೆಟ್ಟು ಬೀಳದೆ ಇರುವುದಿಲ್ಲ. ಅವರ ಉದ್ದದ ಕಾದಂಬರಿಗಳಲ್ಲಿ ಆಕಸ್ಮಿಕಗಳು ಜಾಸ್ತಿ. ಕೆಲವು ನಡುವೆ ಸಡಿಲವಾಗಿ, ಕೊನೆಗೆ ಗಡಿಬಿಡಿಯಲ್ಲಿ ಮುಗಿಯುತ್ತವೆ. 1960ರಿಂದ 1961ರವರೆಗೆ ‘ಯೊಮಿಯುರಿ’ ಪತ್ರಿಕೆಯಲ್ಲಿ ಬಂದ ‘ಸುನಾ ನೊ ಉತ್ಸುವಾ’ವನ್ನೇ ನೋಡಿ. ಟೋಕಿಯೋದ ಕಮಾತಾ ರೈಲ್ವೆ ಯಾರ್ಡಿನಲ್ಲಿ ಒಂದು ಹೆಣ. ಸತ್ತವನು ಆಡಿದ ಮಾತಿನ ಧಾಟಿ ಒಂದೇ ಸುಳಿವು. ಅದನ್ನು ಹಿಡಿದು ಇಮಾನಿಶಿ ಅನ್ನುವ ಪೊಲೀಸ್ ದೇಶವೆಲ್ಲ ಅಲೆಯುತ್ತಾನೆ. ಊರೂರು ಸುತ್ತುವ ಆ ಭಾಗಗಳು, ಕೊನೆಗೆ ತಿಳಿಯುವ ಕೊಲೆಯ ಕಾರಣ, ಎರಡೂ ಅದ್ಭುತ. ಒಂದು ಕಾಯಿಲೆಯ ಬಗ್ಗೆ ಸಮಾಜ ಇಟ್ಟುಕೊಂಡ ಕ್ರೌರ್ಯ ಆ ಕಾರಣದ ಬೇರಿನಲ್ಲಿದೆ. ಆದರೆ ಕೆಲವು ಸಾವುಗಳು ನಡೆಯುವ ವಿಧಾನ ನಂಬುವ ಹಾಗಿಲ್ಲ. 1974ರಲ್ಲಿ ನೊಮುರಾ ಯೊಶಿತಾರೊ ಇದನ್ನು ಸಿನಿಮಾ ಮಾಡಿದಾಗ ಆ ಭಾಗವನ್ನು ಕೈಬಿಟ್ಟು, ಒಬ್ಬ ತಂದೆ ಮತ್ತು ಮಗನ ಅಲೆದಾಟವನ್ನು ಸಂಗೀತದ ಜೊತೆ ಉದ್ದಕ್ಕೆ ತೋರಿಸಿದರು. ಸಿನಿಮಾ ಕಾದಂಬರಿಗಿಂತ ಮೇಲು ಅನ್ನುವವರಿದ್ದಾರೆ. ನಾನೂ ಅವರ ಕಡೆಗೇ.

ಆದರೂ ಪ್ರಮಾಣವನ್ನು ಬರೀ ಹಣದ ಆಸೆ ಅಂತ ತಳ್ಳಿಹಾಕಬೇಡಿ. ನಲವತ್ತು ವರ್ಷ ತಡೆಹಿಡಿದದ್ದು ಒಮ್ಮೆಲೇ ಹೊರಬಂತು. 1958ರ ‘ಕುರೊಜಿ ನೊ ಎ’ ಕಥೆ ಇದಕ್ಕೆ ಸಾಕ್ಷಿ. 1950ರ ಜುಲೈನಲ್ಲಿ ಕೊರಿಯಾ ಯುದ್ಧಕ್ಕೆ ಹೊರಡಬೇಕಿದ್ದ ಅಮೆರಿಕದ ಕಪ್ಪು ಸೈನಿಕರು ಗುಂಪಾಗಿ ಕೊಕುರಾದ ಶಿಬಿರದಿಂದ ತಪ್ಪಿಸಿಕೊಂಡು ಹೊರಬಂದು ದಾಂಧಲೆ ಎಬ್ಬಿಸಿದರು. ಅಮೆರಿಕದ ಆಡಳಿತ ಇದ್ದ ಕಾಲ, ಪತ್ರಿಕೆಗಳಲ್ಲಿ ಸುದ್ದಿಯೇ ಸರಿಯಾಗಿ ಬರಲಿಲ್ಲ. ಸೇಚೊ ಮನೆ ಇದ್ದದ್ದು ಆ ಶಿಬಿರದ ಹತ್ತಿರದಲ್ಲೇ. ಅದರಿಂದ ನೊಂದ ಒಬ್ಬ ಬಡ ಜಪಾನಿಯ ಕಥೆ ಬರೆದರು. ಸಾಯಲು ಹೊರಟ ಆ ಸೈನಿಕರ ಭಯವನ್ನೂ ಬಿಡಲಿಲ್ಲ.

ಮುಚ್ಚಿಟ್ಟದ್ದನ್ನು ಅಗೆಯುವ ಈ ಹಟವೇ ಅವರನ್ನು ಕಾದಂಬರಿಯಿಂದ ಆಚೆಗೂ ಎಳೆಯಿತು. 1960ರ ‘ನಿಹೊನ್ ನೊ ಕುರೊಯ್ ಕಿರಿ’, ಅಂದರೆ ಜಪಾನಿನ ಕಪ್ಪು ಮಂಜು, ಅಮೆರಿಕದ ಆಡಳಿತ ಕಾಲದ ಬಗೆಹರಿಯದ ಪ್ರಕರಣಗಳ ಬಗ್ಗೆ. 1949ರ ಜುಲೈನಲ್ಲಿ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಶಿಮೊಯಾಮಾ ಹಳಿಯ ಮೇಲೆ ಹೆಣವಾಗಿ ಸಿಕ್ಕ ಪ್ರಕರಣ ಅದರಲ್ಲಿ ಒಂದು. ಹಲವು ಪ್ರಕರಣಗಳ ಹಿಂದೆ ಅಮೆರಿಕದ ಗುಪ್ತ ವಿಭಾಗಗಳ ಕೈ ಇದೆ ಅಂತ ಸೇಚೊ ವಾದಿಸಿದರು. ಕಾದಂಬರಿಕಾರ ಒಒಕಾ ಶೋಹೆ ಇದನ್ನು ಕಟುವಾಗಿ ಟೀಕಿಸಿದರು: ತೀರ್ಮಾನ ಮೊದಲೇ ಮಾಡಿಕೊಂಡು ಆಮೇಲೆ ಆಧಾರ ಜೋಡಿಸಿದ್ದಾರೆ ಅಂತ. ಆ ಟೀಕೆಯಲ್ಲಿ ಸತ್ಯ ಇದೆ ಅನ್ನುವುದು ನನ್ನ ಅಭಿಪ್ರಾಯ. 1964ರಿಂದ 1971ರವರೆಗೆ ಬರೆದ ಶೋವಾ ಕಾಲದ, ಅಂದರೆ ಹಿರೊಹಿಟೊ ಚಕ್ರವರ್ತಿಯ ಕಾಲದ, ಇತಿಹಾಸದ ಸರಣಿ ಮಾತ್ರ ಬೇರೆ ಮಟ್ಟದ್ದು. 1936ರ ಸೇನಾ ದಂಗೆಯ ಬಗ್ಗೆ ಯಾರೂ ನೋಡದ ದಾಖಲೆಗಳನ್ನು ಹುಡುಕಿ ತೆಗೆದರು. ಅದರಲ್ಲಿ ಸಂಪಾದಕಿ ಫುಜೀ ಯಾಸುಎ ಅವರ ದುಡಿಮೆ ದೊಡ್ಡದು.

ಇಷ್ಟಾದರೂ ಸಾಹಿತ್ಯದ ದೊಡ್ಡ ಮನೆ ಅವರನ್ನು ಪೂರ್ತಿ ಒಳಗೆ ಕರೆಯಲಿಲ್ಲ. 1960ರ ದಶಕದಲ್ಲಿ ಒಂದು ದೊಡ್ಡ ಪ್ರಕಾಶನ ಸಂಸ್ಥೆ ಜಪಾನಿ ಸಾಹಿತ್ಯದ ಸಂಪುಟಗಳನ್ನು ತರುವಾಗ ಸೇಚೊಗೂ ಒಂದು ಸಂಪುಟ ಕೊಡುವ ಮಾತಿತ್ತು. ಸಂಪಾದಕ ಮಂಡಳಿಯಲ್ಲಿದ್ದ ಕಾದಂಬರಿಕಾರ ಮಿಶಿಮಾ ಯುಕಿಯೊ ಬಲವಾಗಿ ವಿರೋಧಿಸಿದರು. ಸೇಚೊ ಹೊರಗುಳಿದರು. ಅಕುತಗಾವಾ ಪ್ರಶಸ್ತಿ ಬಂದ ಮನುಷ್ಯನ ಕಥೆ ಇದು.

1992ರ ಆಗಸ್ಟ್ 4ರಂದು, 82ನೇ ವಯಸ್ಸಿನಲ್ಲಿ, ಟೋಕಿಯೋದಲ್ಲಿ ಪಿತ್ತಜನಕಾಂಗದ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ವರ್ಷದವರೆಗೂ ಧಾರಾವಾಹಿ ಬರೆಯುತ್ತಲೇ ಇದ್ದರು. ಆರು ವರ್ಷದ ನಂತರ ಅದೇ ದಿನ ಕೊಕುರಾದಲ್ಲಿ ಅವರ ಸ್ಮಾರಕ ಸಂಗ್ರಹಾಲಯ ತೆರೆಯಿತು. ಅವರ ಮನೆಯ ಬರೆಯುವ ಕೋಣೆ, ಸುಮಾರು 30,000 ಪುಸ್ತಕಗಳ ಗ್ರಂಥಾಲಯ ಎಲ್ಲವನ್ನೂ ಅಲ್ಲಿ ಮೊದಲಿದ್ದ ಹಾಗೇ ಜೋಡಿಸಿದ್ದಾರೆ. ನಿರ್ದೇಶಕಿಯಾಗಿ ಬಂದವರು ಅದೇ ಫುಜೀ ಯಾಸುಎ.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದು. ನೀವು ಇಂಗ್ಲಿಷಿನಲ್ಲಿ ಓದುವವರು, ಹಾಗಾಗಿ ಆ ಹೆಸರುಗಳನ್ನೇ ಕೊಡುತ್ತೇನೆ. ಮೊದಲು ಸಣ್ಣಕಥೆ: ‘ದಿ ವಾಯ್ಸ್ ಆ್ಯಂಡ್ ಅದರ್ ಸ್ಟೋರೀಸ್’. ಸೇಚೊ ಸಣ್ಣಕಥೆಗಳಲ್ಲಿ ಕಾದಂಬರಿಗಳಿಗಿಂತ ಬಿಗಿಯಾಗಿದ್ದಾರೆ. ಇವತ್ತಿನ ದೊಡ್ಡ ಕಾದಂಬರಿಕಾರ್ತಿ ಮಿಯಾಬೆ ಮಿಯುಕಿ ಕೂಡ ಅವರ ಸಣ್ಣಕಥೆಗಳನ್ನೇ ಆರಿಸಿ ಮೂರು ಸಂಪುಟ ಮಾಡಿದ್ದಾರೆ. ಆಮೇಲೆ ‘ತೆನ್ ತೊ ಸೆನ್’. ಇದರ ಹಳೆಯ ಅನುವಾದದ ಹೆಸರು ‘ಪಾಯಿಂಟ್ಸ್ ಆ್ಯಂಡ್ ಲೈನ್ಸ್’, ಹೊಸದು ‘ಟೋಕಿಯೋ ಎಕ್ಸ್‌ಪ್ರೆಸ್’. ಎರಡೂ ಒಂದೇ ಕಾದಂಬರಿ, ಸುಮ್ನೆ ಎರಡು ಸಲ ಕೊಂಡುಕೊಳ್ಳಬೇಡಿ. ಚಿಕ್ಕ ಪುಸ್ತಕ, ಎರಡು ಸಂಜೆ ಸಾಕು.

ಹಿಗಾಶಿನೊ ಅವರಲ್ಲಿ ನಿಮಗೆ ಹಿಡಿಸಿದ್ದು ಕೊಲೆಯ ಒಗಟಾ, ಕೊಲೆ ಮಾಡುವವರ ಮನಸ್ಸಾ ಅಂತ ಒಮ್ಮೆ ಯೋಚಿಸಿ ನೋಡಿ. ಎರಡನೆಯದಾದರೆ ಮೂರನೆಯದಾಗಿ ‘ಪ್ರೊ ಬೋನೊ’ ಓದಿ. ಮೂಲ ಹೆಸರು ‘ಕಿರಿ ನೊ ಹತಾ’. ಕ್ಯೂಶೂನ ಒಬ್ಬ ಬಡ ಹುಡುಗಿ. ಅಣ್ಣನ ಮೇಲೆ ಕೊಲೆ ಆರೋಪ. ಟೋಕಿಯೋದ ಹೆಸರಾಂತ ವಕೀಲರ ಕೈಕಾಲು ಹಿಡಿಯುತ್ತಾಳೆ. ಫೀಸು ಕೊಡಲು ಆಗುವುದಿಲ್ಲ ಅಂತ ವಕೀಲರು ಕೇಸು ಮುಟ್ಟುವುದಿಲ್ಲ. ಅಣ್ಣ ಜೈಲಿನಲ್ಲೇ ಸಾಯುತ್ತಾನೆ. ಅಲ್ಲಿಂದ ಅವಳ ಸೇಡು ಶುರು. ಅವಳು ಮಾಡುವುದು ನ್ಯಾಯವಾ ಅಂತ ಸೇಚೊ ಎಲ್ಲೂ ಹೇಳುವುದಿಲ್ಲ. ನನಗೆ ಅವರ ಕಾದಂಬರಿಗಳಲ್ಲಿ ಅತಿ ಹೆಚ್ಚು ಕಾಡಿದ್ದು ಇದೇ.

‘ಸುನಾ ನೊ ಉತ್ಸುವಾ’ ಇಂಗ್ಲಿಷಿನಲ್ಲಿ ‘ಇನ್‌ಸ್ಪೆಕ್ಟರ್ ಇಮಾನಿಶಿ ಇನ್ವೆಸ್ಟಿಗೇಟ್ಸ್’ ಆಗಿದೆ. ಅದನ್ನು ನಾಲ್ಕನೆಯದಾಗಿ ಇಟ್ಟುಕೊಳ್ಳಿ. ಊರುಗಳ ಹೆಸರು ತುಂಬಾ ಬರುತ್ತವೆ, ಪಕ್ಕದಲ್ಲಿ ಜಪಾನಿನ ಒಂದು ನಕ್ಷೆ ಇದ್ದರೆ ಓದು ಎಷ್ಟೋ ಸಲೀಸು. 1974ರ ಸಿನಿಮಾವನ್ನು ಮಾತ್ರ ಪುಸ್ತಕ ಮುಗಿಸಿದ ಮೇಲೆ ನೋಡಿ, ಮೊದಲೇ ನೋಡಿದರೆ ಕೊಲೆಯ ಕಾರಣ ಗೊತ್ತಾಗಿಬಿಡುತ್ತದೆ.